ಎಡಗೈಯ ಈಳಿಗೆಮಣೆ

“ಗುರುಗಳೇ, ವಿದ್ಯೆ ಹಂಚಿದಷ್ಟೂ ಬೆಳೆಯುತ್ತದೆ ಎನ್ನುತ್ತೀರಿ. ಹಾಗಾದರೆ ‘ಇದು ನಾನು ಮಾಡಿದ್ದು, ನನ್ನದು’ ಎಂದು ಹಟ ಹಿಡಿಯುವವನು ಜಿಪುಣನಲ್ಲವೇ?”

ಕೇಳಿದವನು ಹಿಂದಿನ ಸಂಜೆ ಭಜನೆಯಲ್ಲಿ ಹೊಸ ಪದ ಹಾಡಿ ಊರವರಿಂದ ಭೇಷ್ ಎನಿಸಿಕೊಂಡಿದ್ದ ಶಿಷ್ಯ. ಗುರುಗಳು “ಕೂತುಕೋ, ಅವಸರವೇನು” ಎಂದು ಕತೆ ಶುರುಮಾಡಿದರು.

ಒಬ್ಬ ಕಮ್ಮಾರನಿದ್ದ. ಯಾರ ಕೈಕೆಳಗೂ ದುಡಿದವನಲ್ಲ. ತನ್ನ ಕುಲುಮೆ, ತನ್ನ ಅನ್ನ. ಈಳಿಗೆಮಣೆಯ ನೆಟ್ಟಗೆ ನಿಂತ ಅಲಗು ತಗಲಿ ಒಮ್ಮೆ ಅವನ ಮಗಳ ಕಾಲು ಕುಯ್ದುಹೋಯಿತು. ಕೆಲಸವಿಲ್ಲದಾಗ ಅಲಗು ಮಣೆಯ ಮೇಲೆ ಮಲಗಿರಬೇಕು ಎಂದು ಅವನು ವರ್ಷವಿಡೀ ಒದ್ದಾಡಿದ. ಕೊನೆಗೂ ಮಾಡಿದ. ಸಂತೆಯಲ್ಲಿ ಹೆಂಗಸರು ಮುಗಿಬಿದ್ದು ಕೊಂಡರು.

ಒಬ್ಬ ವ್ಯಾಪಾರಿಯೂ ಒಂದು ಕೊಂಡ. ಪಟ್ಟಣದಲ್ಲಿ ಅಂಥದ್ದೇ ರಾಶಿರಾಶಿ ಮಾಡಿಸಿ ತನ್ನ ಮುದ್ರೆ ಒತ್ತಿಸಿದ. ಸಾಲದ್ದಕ್ಕೆ ಚಾವಡಿಗೆ ಹೋಗಿ, ಇದು ತನ್ನ ಕಲ್ಪನೆ, ಬೇರೆ ಯಾರೂ ಮಾಡಕೂಡದು ಎಂದು ದೂರು ಕೊಟ್ಟ. ಮಣೆ ಮಾಡುವುದನ್ನು ನಿಲ್ಲಿಸು ಎಂದು ಕಮ್ಮಾರನಿಗೇ ಅಪ್ಪಣೆ ಬಂತು! ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು ಅನ್ನುವುದು ಇದಕ್ಕೇ ನೋಡು.

“ದೊಡ್ಡವರ ತಂಟೆ ಬೇಡಪ್ಪ, ಕುಡುಗೋಲು ಮಾಡಿಕೊಂಡಿರು” ಎಂದರು ನೆರೆಯವರು. ಕಮ್ಮಾರನಿಗೆ ಮೈಯೆಲ್ಲ ಉರಿಯಿತು. ಮಗಳ ನೆತ್ತರು ಕಂಡು ಹುಟ್ಟಿದ ಮಣೆ, ಬಿಡುವುದುಂಟೇ? ಹೆಂಡತಿಯನ್ನು ಕರೆದುಕೊಂಡು ಚಾವಡಿಗೆ ನಡೆದ.

“ಸ್ವಾಮಿ, ಅಲಗು ಎಬ್ಬಿಸುವ ಕೀಲು ಎಡಗಡೆ ಯಾಕಿದೆ, ಇವರನ್ನು ಕೇಳಿ” ಎಂದು ಕಮ್ಮಾರ ಅಲ್ಲೇ ಕೂತಿದ್ದ ವ್ಯಾಪಾರಿಯತ್ತ ಕೈ ತೋರಿಸಿದ.

“ಈ ಮಣೆ ಎಂದರೆ ಹಾಗೇ ಇರುವುದು” ಎಂದ ವ್ಯಾಪಾರಿ.

ಕಮ್ಮಾರನ ಹೆಂಡತಿ ಮಣೆಯ ಮುಂದೆ ಕೂತಳು. ಎಡಗೈಯಿಂದ ಸರಕ್ಕನೆ ಕೀಲು ಎಳೆದಳು. ಅಲಗು ಎದ್ದು ನಿಂತಿತು. ಅವಳು ಎಡಚಿ. ಮೊದಲ ಮಣೆ ಮಾಡಿದ್ದು ಅವಳ ಕೈಗೆ. ಆಮೇಲೂ ಕಮ್ಮಾರ ಅದೇ ರೂಢಿ ಬಿಡಲಿಲ್ಲ. ವ್ಯಾಪಾರಿ ಯಾಕೆಂದು ಕೇಳದೆ ಅದನ್ನೂ ನಕಲು ಮಾಡಿದ್ದ. ಚಾವಡಿಯವರು ನಕ್ಕರು. ಆ ಮಣೆಗೆ ಮುದ್ರೆ ಒತ್ತುವ ಹಕ್ಕು ಕಮ್ಮಾರನದ್ದಾಯಿತು.

ಮರುವಾರವೇ ಅವನು ಪಕ್ಕದೂರಿನ ಕಮ್ಮಾರರಿಗೆ ಆ ಕೆಲಸ ಕಲಿಸಿದ. ಅವನು ಕೇಳಿದ್ದು ಒಂದೇ ಮಾತು: ನನ್ನ ಮುದ್ರೆ ಅಳಿಸಬೇಡಿ.

“ಅಂದರೆ ಕಡೆಗೂ ಹಂಚಿದನಲ್ಲ, ಗುರುಗಳೇ!” ಎಂದ ಶಿಷ್ಯ.

“ಹಂಚಿದ, ಮಗಾ, ಮಠದ ಅಡುಗೆಯ ನಿಂಗವ್ವನೂ ತಾನು ಕಟ್ಟಿದ ಪದವನ್ನು ನಿನಗೆ ಕಲಿಸಿದಳು, ಅದರ ಕೊನೆಯ ಸಾಲಿನಲ್ಲಿದ್ದ ಅವಳ ಅಂಕಿತ ನಿನ್ನೆ ಎಲ್ಲಿ ಹೋಯಿತು?”