ಹಸೆಮಣೆಗೆ ಅಡ್ಡ ಬಂದ ಕಂಬ

ವಾರಿಜೆಗೆ ಒಂದು ಅಭ್ಯಾಸ. ಎದುರಿನವರ ಮಾತು ಮುಗಿಯುವ ಮೊದಲೇ ‘ಆಯ್ತು’ ಅಂದುಬಿಡುವುದು. ಸಿವಿಲ್ ಇಂಜಿನಿಯರಿಂಗ್ ಮುಗಿಸಿದ್ದ ಅವಳು ಒಂದು ದಿನ ತನ್ನ ಗುರುಗಳ ಹತ್ತಿರ ಬಂದು ಕೇಳಿದಳು:

“ಸರ್, ನನಗೆ ಮುಂದೆ ಸ್ಟ್ರಕ್ಚರಲ್ ಓದುವ ಆಸೆ. ‘ಸಿವಿಲ್, ಸ್ಟ್ರಕ್ಚರಲ್ ಎರಡೂ ಕಟ್ಟಡವೇ ತಾನೆ, ಸಿಕ್ಕ ಕೆಲಸಕ್ಕೆ ಸೇರು’ ಅಂದರು ಅಪ್ಪ. ಆಯ್ತು ಅಂದುಬಿಟ್ಟೆ. ಎರಡಕ್ಕೂ ಏನು ವ್ಯತ್ಯಾಸ, ಸರ್?”

ಗುರುಗಳು ಹೇಳಿದರು:

ಒಬ್ಬ ವರ್ತಕ ಮದುವೆ ಛತ್ರ ಕಟ್ಟಿಸುತ್ತಿದ್ದ. ಅಲ್ಲಿ ಮೊದಲ ಮದುವೆ ಅವನ ಮಗಳದೇ ಎಂದು ನಿಶ್ಚಯವಾಗಿತ್ತು. ಒಬ್ಬ ಸಿವಿಲ್ ಇಂಜಿನಿಯರ್ ಮಣ್ಣು ನೋಡಿದ, ರಸ್ತೆ ಮಾಡಿಸಿದ, ಅಡುಗೆಮನೆಗೆ ನೀರು ತಂದ, ಕೈತೊಳೆದ ನೀರು ಹರಿದುಹೋಗಲು ದಾರಿ ತೋರಿಸಿದ. ಚಾವಣಿಯ ಭಾರ ಯಾವ ಕಂಬದ ಮೇಲೆ ಎಷ್ಟು ಬೀಳುತ್ತದೆಂದು ಲೆಕ್ಕ ಹಾಕಿದವಳು ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್.

ಚಾವಣಿ ಮುಗಿದ ಮೇಲೆ ವರ್ತಕ ಬಂದು ನೋಡಿದ. ನಡುವಿನ ಕಂಬವೊಂದು ಹಸೆಮಣೆಗೆ ಅಡ್ಡವಾಗಿತ್ತು.

“ಇದನ್ನು ತೆಗೆಸಿ. ಧಾರೆ ಎರೆಯುವುದು ಹಿಂದೆ ಕೂತವರಿಗೆ ಕಾಣಬೇಡವೇ?”

“ಆಗುವುದಿಲ್ಲ” ಅಂದಳು ಅವಳು.

ವರ್ತಕ ಸಿವಿಲ್ ಇಂಜಿನಿಯರ್ ಕಡೆ ತಿರುಗಿದ. “ಏನಪ್ಪಾ, ನೀನೂ ಇಂಜಿನಿಯರೇ ತಾನೆ? ಈಯಮ್ಮ ಬೇಡ ಅಂದರೇನು, ನೀನು ಹೂಂ ಅನ್ನು.”

“ಜನ ಛತ್ರಕ್ಕೆ ಬರುವ ಹಾಗೆ ಮಾಡಿದವನು ನಾನು, ಯಜಮಾನರೇ. ವಾಪಸ್ ಮನೆಗೆ ಹೋಗುವ ಹಾಗೆ ಮಾಡಿದವಳು ಅವಳು.”

ವರ್ತಕನಿಗೆ ಸಿಟ್ಟು ಬಂತು. “ಹೂಂ ಅನ್ನುವ ಇಂಜಿನಿಯರುಗಳು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಕರೆಸುತ್ತೇನೆ.”

ಅವಳೇ ಹೇಳಿದಳು: “ಕರೆಸಿ. ಕಂಬ ಒಡೆಸಿ. ಆಮೇಲೆ ಮಗಳನ್ನು ಹಸೆಮಣೆ ಮೇಲೆ ಕೂರಿಸಿ, ಪಕ್ಕದಲ್ಲಿ ನೀವೂ ಕೂತುಕೊಳ್ಳಿ. ನಾನು ಮಾತ್ರ ಊಟಕ್ಕೆ ಬರುವುದಿಲ್ಲ.”

ವರ್ತಕ ಕತ್ತೆತ್ತಿ ಚಾವಣಿ ನೋಡಿದ. ಯಾರನ್ನೂ ಕರೆಸಲಿಲ್ಲ.

ಮದುವೆಯ ದಿನ ಹಿಂದಿನ ಸಾಲಿನವರು ಕತ್ತು ಓರೆ ಮಾಡಿ ಧಾರೆ ನೋಡಿದರು. ‘ಯಾವ ಪುಣ್ಯಾತ್ಮರು ಹಾಕಿಸಿದರೋ ಈ ಕಂಬ’ ಎಂದು ಬೈದರು. ಹೋಳಿಗೆ ತಿಂದು ಮನೆಗೆ ಹೋದರು. ಬೈಗುಳ ಕೇಳಿಸಿಕೊಳ್ಳುತ್ತ ಅವಳೂ ಅದೇ ಕಂಬಕ್ಕೆ ಒರಗಿ ಕೂತಿದ್ದಳು.

ಗುರುಗಳು ಕತೆ ಮುಗಿಸಿದರು.

“ಗೊತ್ತಾಯ್ತು ಸರ್” ಅಂದಳು ವಾರಿಜೆ. “ಆ ಲೆಕ್ಕವನ್ನೇ ನಾನು ಕಲಿಯಬೇಕು.”

“ಲೆಕ್ಕ ಯಾರಾದರೂ ಕಲಿಸಿಯಾರು. ಈಗ ನಾನೇ ನಿಮ್ಮಪ್ಪ ಅಂದುಕೊಂಡು ಒಂದು ಸಲ ‘ಆಗುವುದಿಲ್ಲ’ ಅನ್ನು, ನೋಡೋಣ.”

ವಾರಿಜೆ ‘ಆಯ್ತು’ ಅನ್ನಲಿಲ್ಲ. ‘ಆಗು...’ ಅಂದು ಅರ್ಧಕ್ಕೇ ನಿಲ್ಲಿಸಿದಳು.