ಕಾವಲಿನವನ ಕಣ್ಣು

"ಗುರುಗಳೇ, ಯುದ್ಧದಿಂದ ಮರಳಿದ ಕೆಲವರು ನಮ್ಮ ಧ್ಯಾನಕ್ಕೆ ಬರುತ್ತಾರೆ. ಅವರಿಗೆ ಕಣ್ಣು ಮುಚ್ಚಿ ಕೂರಲು ಆಗುವುದಿಲ್ಲ. ಸೌದೆ ಬಿದ್ದ ಸದ್ದಿಗೂ ಬೆಚ್ಚಿ ಎದ್ದು ನಿಲ್ಲುತ್ತಾರೆ. ಉಳಿದವರ ಏಕಾಗ್ರತೆ ಕೆಡುತ್ತದೆ. ಧ್ಯಾನ ನಿಮಗೆ ಹೇಳಿ ಮಾಡಿಸಿದ್ದಲ್ಲ ಎಂದು ಅವರನ್ನು ಕಳಿಸಿಬಿಡಲೇ?" ಎಂದು ಶಿಷ್ಯ ಕೇಳಿದ.

ಗುರುಗಳಿಗೆ ಸಿಟ್ಟು ಬಂತು. ಅದನ್ನು ಅವರು ಮರೆಮಾಚಲೂ ಇಲ್ಲ. "ಕಳಿಸುವುದೇನು, ಯಾವಾಗ ಬೇಕಾದರೂ ಕಳಿಸಬಹುದು. ಮೊದಲು ಕೂತು ಇದನ್ನು ಕೇಳು" ಎಂದರು.

ಒಬ್ಬ ಸೈನಿಕನಿದ್ದ. ಗಡಿಯ ಪಾಳೆಯದಲ್ಲಿ ಕಾವಲು ಅವನ ಕೆಲಸ. ಅಲ್ಲೊಂದು ಕಟ್ಟಳೆ ಇತ್ತು. ಕಾವಲಿನವನು ತಾನಾಗಿ ಕಣ್ಣು ಮುಚ್ಚುವಂತಿರಲಿಲ್ಲ. ಅವನ ಬದಲಿಗೆ ಕಾವಲಿಗೆ ಬಂದವನು ಹೆಗಲು ಮುಟ್ಟಿ, "ಇನ್ನು ನಾನಿದ್ದೇನೆ" ಅನ್ನಬೇಕು. ಅದನ್ನು ಕೇಳಿದ ಮೇಲೆಯೇ ಅವನು ಮಲಗಬೇಕು. ಒಂದು ಸಲ ಬದಲಿಯವನು ಬರಲಿಲ್ಲ. ಸೈನಿಕ ದಣಿದಿದ್ದ, ಕೂತಲ್ಲೇ ಕಣ್ಣು ಹತ್ತಿತು. ಎಚ್ಚರವಾಗುವಷ್ಟರಲ್ಲಿ ಶತ್ರುಗಳು ಒಳಗೆ ನುಗ್ಗಿದ್ದರು. ಅವನ ಜೊತೆ ಒಂದೇ ತಟ್ಟೆಯಲ್ಲಿ ಉಂಡವರು ಮಲಗಿದಲ್ಲೇ ಸತ್ತರು.

ಯುದ್ಧ ಮುಗಿದು ಅವನು ಊರಿಗೆ ಬಂದ. ಊರಿನವರು ಹಾರ ಹಾಕಿದರು, ಹೊಗಳಿದರು, ತಮ್ಮ ತಮ್ಮ ಕೆಲಸಕ್ಕೆ ಹೋದರು. ಅವನಿಗೆ ಮಾತ್ರ ನಿದ್ದೆ ಇಲ್ಲ. ಮನೆಯಲ್ಲಿ ಪಾತ್ರೆ ಬಿದ್ದರೆ ಹೆಂಡತಿಯನ್ನು ನೆಲಕ್ಕೆ ಕೆಡವಿ ಅವಳ ಮೇಲೆ ಅಡ್ಡ ಬೀಳುತ್ತಿದ್ದ, ಅವಳನ್ನು ಕಾಪಾಡಲಿಕ್ಕೆ. ಒಂದು ದಿನ ಹಾಗೆ ಕೆಡವಿದಾಗ ಅವಳ ಕೈ ಮುರಿಯಿತು. ತಾನಿನ್ನು ಈ ಮನೆಯಲ್ಲಿರಬಾರದು ಎಂದು ಅವನು ಹೊರಟು ನಿಂತ. ಅವಳು ಬಿಡಲಿಲ್ಲ, ಊರಿನ ಮಠಕ್ಕೆ ಕರೆದುಕೊಂಡು ಹೋದಳು. ಧ್ಯಾನದಿಂದ ಮನಸ್ಸು ತಣಿಯುತ್ತದೆ ಎಂದು ಯಾರೋ ಅವಳಿಗೆ ಹೇಳಿದ್ದರು. ಅದು ಸುಳ್ಳೂ ಅಲ್ಲ.

ಆ ಮಠದಲ್ಲಿ ಸಾಧಕರು ದೇವರ ಕಡೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಹಿಂದಿನಿಂದ ಬಂದ ಪದ್ಧತಿ. ಅವನನ್ನೂ ಹಾಗೇ ಕೂರಿಸಿದರು. ಬಾಗಿಲಿಗೆ ಬೆನ್ನು ಹಾಕಿ ಕೂತ ಕಾವಲಿನವನು ಎಲ್ಲಾದರೂ ಉಂಟೇ? ಇಷ್ಟು ಯೋಚಿಸುವ ಬುದ್ಧಿ ಅಲ್ಲಿ ಒಬ್ಬರಿಗೂ ಇರಲಿಲ್ಲ. ಅವನು ಕಣ್ಣು ಮುಚ್ಚುತ್ತಿದ್ದ, ಬೆವರುತ್ತಿದ್ದ, ತಿರುಗಿ ನೋಡುತ್ತಿದ್ದ. ಜಾಗಟೆ ಬಾರಿಸಿದಾಗ ಪಕ್ಕದವನನ್ನು ಎಳೆದು ಕೆಡವಿದ. ಮಠದ ಹಿರಿಯರು ಹೆಂಡತಿಯನ್ನು ಕರೆಸಿದರು.

"ತಾಯಿ, ಇವನ ಮನಸ್ಸಿನಲ್ಲಿ ಕೊಳೆ ತುಂಬಿದೆ. ಕಣ್ಣು ಮುಚ್ಚು ಎಂದರೆ ಮುಚ್ಚುವುದಿಲ್ಲ" ಎಂದರು.

"ಕಣ್ಣು ಮುಚ್ಚು ಅಂದ್ರಿ, ಸರಿ ಸ್ವಾಮಿ. ಇನ್ನು ನಾನಿದ್ದೀನಿ ಅಂತ ಯಾರಾದ್ರೂ ಅಂದ್ರಾ?" ಎಂದಳು, ಪಾಳೆಯದ ಕಟ್ಟಳೆಯನ್ನು ಗಂಡನ ಬಾಯಲ್ಲಿ ಕೇಳಿದ್ದ ಅವಳು.

ಹಿರಿಯರಿಗೆ ಅರ್ಥವಾಗಲಿಲ್ಲ. ಅವಳು ವಿವರಿಸುತ್ತ ನಿಲ್ಲಲೂ ಇಲ್ಲ. ಗಂಡನ ಹೆಗಲು ಮುಟ್ಟಿ ಆ ಮಾತು ಹೇಳಿದಳು. ಹೋಗಿ ಹೊಸ್ತಿಲ ಮೇಲೆ, ಹೊರಗೆ ಮುಖ ಮಾಡಿ ಕೂತಳು. ಹೊಸ್ತಿಲ ಮೇಲೆ ಕೂರುವುದು ಅನಿಷ್ಟ ಎಂದು ಒಬ್ಬರು ಗೊಣಗಿದರು. ಅವಳು ಏಳಲಿಲ್ಲ. ಸೈನಿಕ ಕಣ್ಣು ಮುಚ್ಚಿದ. ತೆರೆದು, ತಿರುಗಿ, ಅವಳು ಇದ್ದಾಳೆಂದು ನೋಡಿಕೊಂಡು ಮತ್ತೆ ಮುಚ್ಚಿದ. ಆ ದಿನ ಅಷ್ಟೇ ಆಯಿತು. ಬರುಬರುತ್ತ ತಿರುಗಿ ನೋಡುವುದು ಕಡಿಮೆಯಾಯಿತು, ಉಸಿರು ನಿಧಾನವಾಯಿತು. ಸತ್ತ ಗೆಳೆಯರು ಆಗಲೂ ಕಣ್ಣ ಮುಂದೆ ಬರುತ್ತಿದ್ದರು. ಆದರೆ ಎದ್ದು ಓಡದೆ ಅವರ ಜೊತೆ ಕೂರುವುದು ಅವನಿಗೆ ಸಾಧ್ಯವಾಗತೊಡಗಿತು. ಮನೆಯಲ್ಲಿ ಒಂದಿಷ್ಟು ನಿದ್ದೆಯೂ ಬಂತು.

ಅಷ್ಟರಲ್ಲಿ ಹೆಂಡತಿ ಜ್ವರ ಬಂದು ಮಲಗಿದಳು. ನೀವು ತಪ್ಪಿಸಬೇಡಿ ಎಂದು ಗಂಡನನ್ನು ಕಳಿಸಿದಳು. ನಾನು ಏಳುವವರೆಗೆ ಯಾರಾದರೂ ಒಬ್ಬರು ಬಾಗಿಲಲ್ಲಿ ಕೂರಿ ಎಂದು ಮಠಕ್ಕೆ ಹೇಳಿ ಕಳಿಸಿದಳು. ಮಠದ ತುಂಬ ಜನರಿದ್ದರು. ಒಬ್ಬನಿಗೆ ಜಪ ತಪ್ಪುತ್ತದಂತೆ. ಇನ್ನೊಬ್ಬನಿಗೆ ಬಾಗಿಲಲ್ಲಿ ಗಾಳಿಯಂತೆ. ನಾವು ಲೋಕವನ್ನು ಮರೆಯಲು ಬಂದವರು, ಬಾಗಿಲು ಕಾಯಲು ಬಂದವರಲ್ಲ ಎಂದರು ಹಿರಿಯರು. ಎಲ್ಲರೂ ಕಣ್ಣು ಮುಚ್ಚಿದರು. ನಾಚಿಕೆ ಎಂಬುದು ಬೇಡವೇ?

ಸೈನಿಕ ತಿರುಗಿ ನೋಡಿದ. ಹೊಸ್ತಿಲು ಖಾಲಿ ಇತ್ತು. ಅವನು ಸದ್ದಾಗದಂತೆ ಎದ್ದು ಹೋಗಿ ಬಾಗಿಲಲ್ಲಿ ತಾನೇ ನಿಂತ, ಹೊರಗೆ ಮುಖ ಮಾಡಿ. ಅವರ ಧ್ಯಾನ ಮುಗಿಯುವವರೆಗೂ ಅಲ್ಲೇ ನಿಂತಿದ್ದ. ಈ ದಿನ ಧ್ಯಾನ ಬಹಳ ಚೆನ್ನಾಗಿ ಆಯಿತು ಎನ್ನುತ್ತ ಎಲ್ಲರೂ ಅವನನ್ನು ದಾಟಿ ಹೋದರು. ಮರುದಿನ ಅವನು ಮಠಕ್ಕೆ ಬರಲಿಲ್ಲ. ಮನೆಯಲ್ಲೂ ಇರಲಿಲ್ಲ.

ಕತೆ ನಿಂತಿತು. ಶಿಷ್ಯ ಅಳುಕುತ್ತ ಕೇಳಿದ: "ಆದರೆ ಗುರುಗಳೇ, ಆ ಮಠದವರೂ ಎಷ್ಟೋ ವರ್ಷದಿಂದ ಕೂತ ಸಾಧಕರು. ಅವರ ಸಾಧನೆಯೂ ಕೆಡಬಾರದಲ್ಲವೇ?"

ಗುರುಗಳು ಹೇಳಿದರು: "ಅಷ್ಟು ವರ್ಷ ಅವರು ನಿಶ್ಚಿಂತೆಯಿಂದ ಕಣ್ಣು ಮುಚ್ಚಿ ಕೂತದ್ದು, ಯಾರು ಕಣ್ಣು ತೆರೆದು ಕಾದದ್ದರಿಂದ?"