ಅಡಿವೆಪ್ಪ ಹಾಕಿದ ಗುರುತು

ಕೇಳ್ರಿ, ರೊಟ್ಟಿ ಅಂಗಡಿ ಕಾಶವ್ವನಿಗೆ ಒಬ್ಬನೇ ಮಗ, ಅಡಿವೆಪ್ಪ. ಕಂಪ್ಯೂಟರ್ ಕಲಿತಿದ್ದ. ಬುದ್ಧಿಯೊಂದು ಕಲಿತಿರಲಿಲ್ಲ.

ಅಂಗಡಿಗೊಂದು ಆ್ಯಪ್ ಇತ್ತು. ಆರ್ಡರ್ ಬಂದರೆ ಹೊತ್ತು ಬರೆದು ತಾನೇ ಗುರುತು ಹಾಕಿಕೊಳ್ಳೋದು, ಗಾಡಿ ಹೊರಟರೆ ತಾನೇ ಗುರುತು ಹಾಕಿಕೊಳ್ಳೋದು. ನಡುವೆ ಅಡುಗೆಮನೆಯಲ್ಲಿ ಏನಾಯಿತೋ, ಅದಕ್ಕೆ ಗೊತ್ತೇ ಇಲ್ಲ. ರೊಟ್ಟಿ ದಿನಾ ತಡ. “ಇನ್ನೊಮ್ಮೆ ತಡ ಆದ್ರ ಆರ್ಡರ್ ಬಂದ್!” ಅಂದರು ದಿನಾ ರೊಟ್ಟಿ ತರಿಸೋ ಹುಡುಗಿಯರ ಹಾಸ್ಟೆಲಿನ ವಾರ್ಡನ್ ನಾಗಮಣಿ ಅಕ್ಕಾರು.

ಕಾಶವ್ವ ತಲೆ ಮೇಲೆ ಕೈ ಹೊತ್ತಳು. “ಅಡಿವ್ಯಾ, ಎಲ್ಲಿ ತಡ ಆಗ್ತದ ತಿಳೀಬೇಕು. ನಡುವ ಏನೇನು ನಡೀತದೋ, ನಿನ್ನವೇ ಗುರುತು ಸೇರಿಸು!”

ಸೇರಿಸಿದ. ಅವ್ವ ಸೀನಿದಳು, ಗುರುತು. ಬೆಕ್ಕು ಬಂತು, ಗುರುತು. ಬೆಕ್ಕು ಹೋಯಿತು, ಗುರುತು. ಆ್ಯಪ್ ಉಸಿರುಗಟ್ಟಿ ನಿಂತೇಬಿಟ್ಟಿತು!

“ಎಲಾ ಮೂಳ! ಬೆಕ್ಕು ರೊಟ್ಟಿ ಬಡೀತದೇನೋ? ನಾದೋದು, ಬಡಿಯೋದು, ಬೇಯಿಸೋದು ಶುರುವಾದಾಗ ಹಾಕು, ಸಾಕು!”

“ಹೂಂ ಅವ್ವ.”

ಶುರುವಾದಾಗ ಹಾಕಿದ. ಮುಗಿದಾಗ ಹಾಕಲಿಲ್ಲ, ಅವ್ವ ಹೇಳಿರಲಿಲ್ಲವಲ್ಲ!

“ಹುಡುಗ್ಯಾರು ಉಂಡು ಕೈ ತೊಳೆದಾರ, ನಿನ್ನ ಆ್ಯಪಿನಾಗ ರೊಟ್ಟಿ ಇನ್ನೂ ಹಂಚಿನ ಮ್ಯಾಲೇ ಅದಾವಲ್ಲೋ! ತೆರೆದ ಗುರುತನ್ನ ಮುಚ್ಚಬೇಕಪ್ಪ!”

“ಹೂಂ ಅವ್ವ.”

ತೆರೆದ, ಮುಚ್ಚಿದ. ತೆರೆದ ಕೈಲೇ ಮುಚ್ಚಿದ. ಆ್ಯಪಿನ ಲೆಕ್ಕದಲ್ಲಿ ನಾದೋಕೆ ಹೊತ್ತೇ ಹಿಡಿದಿಲ್ಲ, ಬಡಿಯೋಕೆ ಹೊತ್ತೇ ಹಿಡಿದಿಲ್ಲ, ಬೇಯಿಸೋಕೆ ಹೊತ್ತೇ ಹಿಡಿದಿಲ್ಲ. ರೊಟ್ಟಿ ಮಾತ್ರ ತಡ!

“ಅಯ್ಯೋ ನನ್ನ ಕರ್ಮ! ಕೆಲಸ ಮುಗಿದ ಮ್ಯಾಲೆ ಮುಚ್ಚೋ! ಯಾವುದು ಹೆಚ್ಚು ಹೊತ್ತು ಹಿಡೀತದ ನೋಡು, ಅದನ್ನ ತೆಗೆದು ಹಾಕು!”

ಇಷ್ಟು ಹೇಳಿ ಅವಳು ಹಿಟ್ಟಿನ ಗಿರಣಿಗೆ ಹೋದಳು. ಅಡಿವೆಪ್ಪ ಈ ಸಲ ಮೊದಲ ರೊಟ್ಟಿ ತಾನೇ ಮಾಡಿ ಸರಿಯಾಗೇ ಗುರುತು ಹಾಕಿದ, ಸರಿಯಾಗೇ ನೋಡಿದ, ಉಳಿದವನ್ನೂ ಮಾಡಿ ಗಾಡಿ ಕಳಿಸಿದ.

ಕಾಶವ್ವ ಮನೆಗೆ ಬರೋದಕ್ಕೂ ಫೋನ್ ಬರೋದಕ್ಕೂ ಸರಿಹೋಯಿತು.

“ಕಾಶವ್ವ, ರೊಟ್ಟಿ ಹೊತ್ತಿಗೆ ಮೊದಲೇ ಬಂದಾವ.”

“ನನ್ನ ಪುಣ್ಯ ಅಕ್ಕಾರೇ!”

“ಆದ್ರ ಹಸೀ ಅದಾವಲ್ಲ! ಹುಡುಗ್ಯಾರು ಬಿದ್ದು ಬಿದ್ದು ನಗಾಕತ್ತಾರ. ಹಂಚು ತಗೊಂಡು ಓಡಿ ಬಾ, ಇಲ್ಲೇ ಬೇಯಿಸು. ಆರ್ಡರ್ ಉಳಿಸ್ತೀನಿ.”

ಕಾಶವ್ವ ಒಲೆ ಕಡೆ ಓಡಿದಳು. ಒಲೆ ಇತ್ತು, ಹಂಚಿರಲಿಲ್ಲ.

“ಅಡಿವ್ಯಾ! ಹಂಚೆಲ್ಲೋ?”

ಅಡಿವೆಪ್ಪ ಎದೆಯುಬ್ಬಿಸಿ ನಿಂತ. “ಬೇಯಿಸೋದಕ್ಕೇ ಹೆಚ್ಚು ಹೊತ್ತು ಹಿಡೀತಿತ್ತವ್ವ. ತೆಗೆದು ಬಾವಿಗೆ ಹಾಕೀನಿ!”